ಇಳಿಜಾರಿನ ಮನೆಯ ಲೆಕ್ಕ

ಬಾಸ್ಕಿಂಗ್ ರಿಡ್ಜ್ ಅನ್ನೋ ಹೆಸರಲ್ಲೇ ದಿಣ್ಣೆ ಇದೆ. ಇಲ್ಲಿ ನಾವು ನೋಡೋ ಎಷ್ಟೋ ಮನೆಗಳು ರಸ್ತೆ ಕಡೆಯಿಂದ ಎರಡು ಅಂತಸ್ತು, ಹಿಂದಿನಿಂದ ಮೂರು. ಇಳಿಜಾರನ್ನು ಪೂರ್ತಿ ಸಮ ಮಾಡದೆ, ನೆಲಮಾಳಿಗೆಗೇ ಹಿತ್ತಲ ಕಡೆ ಬಾಗಿಲು ಇಟ್ಟಿದ್ದಾರೆ. ಅದಕ್ಕೆ ‘ವಾಕ್‌ಔಟ್ ಬೇಸ್‌ಮೆಂಟ್’ ಅಂತ ಹೆಸರಿಟ್ಟು ಬೆಲೆನೂ ಏರಿಸ್ತಾರೆ, ಬಿಡಿ.

ನಮ್ಮ ಮಡಿಕೇರಿ ಕಡೆ ಗುಡ್ಡವನ್ನು ನೆಟ್ಟಗೆ ಕಡಿದು ಸೈಟು ಮಾಡಿದ್ದೂ ಉಂಟು. ಕಡಿದ ಮಣ್ಣಿಗೆ ಆಸರೆ ಇರಲ್ಲ. ಮಳೆನೀರು ಇಳಿದರೆ ಭಾರ ಹೆಚ್ಚುತ್ತೆ, ಹಿಡಿತ ಸಡಿಲವಾಗುತ್ತೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಅಂಥ ಅಂಚಿನ ಮನೆಗಳೂ ಹೋದವು.

ಮಲೆನಾಡಲ್ಲಿ ಮನೆ ಕಟ್ಟಿಸಲು ದುಡ್ಡು ಕಳಿಸುವವರು ಮೊದಲು ಎಸ್ಟಿಮೇಟ್ ತರಿಸಿ ಓದಿ. ಮಾರ್ಬಲ್ಲಿಗೆ ಒಂದು ಸಾಲು ಇದ್ದೇ ಇರುತ್ತೆ. ತಡೆಗೋಡೆ, ಅದರಿಂದ ನೀರು ಹೊರಹೋಗೋ ಪೈಪು, ಮೇಲ್ಗಡೆ ಚರಂಡಿ ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನು ಬರೆಸಿದ ಮೇಲೇ ಮೊದಲ ಕಂತು ಕಳಿಸಿ. ಮಾರ್ಬಲ್ ಬರೋ ವರ್ಷ ಹಾಕಿಸಿದರೂ ನಡೆಯುತ್ತೆ.