ಮಕ್ಕಳ ಕಾಯಕವನ್ನು ಕಸಿಯದಿರಿ



ಶಾಲೆಯಲ್ಲಿ ಕೊಟ್ಟ ಮನೆಗೆಲಸವನ್ನು ಮಕ್ಕಳು ಬರೆಯದೆ ಮಲಗುವುದು, ಬೆಳಗಿನ ಗಡಿಬಿಡಿಯಲ್ಲಿ ತಂದೆತಾಯಿಗಳೇ ಅದನ್ನು ಬರೆದು ಮುಗಿಸುವುದು ಈಗ ವಾತ್ಸಲ್ಯವೆನಿಸಿಕೊಂಡಿದೆ. ಇದು ವಾತ್ಸಲ್ಯವಲ್ಲ; ಮಗುವಿನ ಕಾಯಕವನ್ನು ಕಸಿದುಕೊಳ್ಳುವುದು.

ಹೊರೆ ಹೆಚ್ಚಾಯಿತೆನ್ನುವಿರಾ? ಕೇಂದ್ರ ಸರ್ಕಾರದ 2020ರ ಶಾಲಾಚೀಲ ನೀತಿಯು 2ನೆಯ ತರಗತಿಯವರೆಗೆ ಮನೆಗೆಲಸವೇ ಬೇಡವೆಂದಿದೆ. 6ರಿಂದ 8ನೆಯ ತರಗತಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ ಎಂದಿದೆ. ಶಾಲೆ ಅದನ್ನು ಮೀರಿದರೆ ಶಾಲೆಯನ್ನು ಪ್ರಶ್ನಿಸಿರಿ. ಆ ಒಂದು ಗಂಟೆಯನ್ನೂ ಮಗು ಮುಂದೂಡಿದರೆ ಪ್ರಶ್ನಿಸಬೇಕಾದುದು ನಮ್ಮ ಮನೆಯನ್ನು.

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಹೇಳಿದರು. ತಾನು ಬರೆಯದ ಉತ್ತರಕ್ಕೆ ಮಗು ಪಡೆಯುವ ಅಂಕವೂ ತನಗೆ ಸಲ್ಲದ ಅಕ್ಕಿಯೇ. ಅದನ್ನು ಉಣಬಡಿಸುವವರು ನಾವೇ ಆಗಬೇಕೆ?

ಪ್ರಸಾದನಿಲಯದಲ್ಲಿ ಉಂಡು ಓದಿದ ನಿಮಗೆ ಅಂದು ಬರೆದುಕೊಡುವವರು ಯಾರಿದ್ದರು? ಸಂಜೆಯ ಪ್ರಾರ್ಥನೆ ಮುಗಿದೊಡನೆ ನೀವೇ ಕುಳಿತು ಬರೆದಿರಿ. ಆ ನಿಯಮವೇ ಇಂದು ನಿಮ್ಮನ್ನು ನಿಲ್ಲಿಸಿದೆ. ಇಂದಿನ ಸಂಜೆಯಿಂದಲೇ ಮಗುವನ್ನು ಹೊತ್ತಿಗೆ ಸರಿಯಾಗಿ ಬರೆಯಲು ಕೂರಿಸಿರಿ, ಬಳಿಯಲ್ಲಿರಿ. ಲೇಖನಿಯನ್ನು ಮಾತ್ರ ಕಸಿಯದಿರಿ.