ಹಡಗು ಹೋದರೂ ಅಳತೆ ಉಳಿದಿದೆ

2014ರ ನವೆಂಬರಿನಲ್ಲಿ ಮುಂಬೈಯ ದಾರುಖಾನಾದಲ್ಲಿ ಒಂದು ಹಳೆಯ ಹಡಗನ್ನು ಗ್ಯಾಸ್ ಕಟ್ಟರ್‌ಗಳಿಂದ ಕತ್ತರಿಸುವ ಕೆಲಸ ಆರಂಭವಾಯಿತು. ಅದು ಭಾರತದ ಮೊದಲ ವಿಮಾನವಾಹಕ ನೌಕೆ ‘ವಿಕ್ರಾಂತ್’. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹೋರಾಡಿದ ಈ ಹಡಗು 1997ರ ಜನವರಿ 31ರಂದು ಸೇವೆಯಿಂದ ನಿವೃತ್ತವಾಯಿತು. ಕೆಲವು ವರ್ಷ ವಸ್ತುಸಂಗ್ರಹಾಲಯವಾಗಿದ್ದು ಕೊನೆಗೆ ಗುಜರಿಯ ಪಾಲಾಯಿತು. ಅದರ ಲೋಹದ ಒಂದಿಷ್ಟು ಪಾಲು 2016ರಲ್ಲಿ ಬಜಾಜ್ ಕಂಪನಿಯ ‘ವಿ’ ಮೋಟಾರ್ ಸೈಕಲ್ಲಿಗೂ ಸೇರಿತು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ನೌಕಾಪಡೆಗೆ ಸೇರಿದ ‘ವಿಕ್ರಾಂತ್’ ಬೇರೆಯದೇ ಹಡಗು. ಹೆಸರು ಮಾತ್ರ ಹಳೆಯದು. ‘ನೋಡು ಮಗು, ಯುದ್ಧಕ್ಕೆ ಹೋಗಿದ್ದು ಇದೇ’ ಎಂದು ತೋರಿಸಲು ಮೊದಲನೆಯದು ಇಂದು ಇಲ್ಲ. ಉಳಿದಿರುವುದು ಛಾಯಾಚಿತ್ರಗಳು, ಅಳತೆಗಳು ಮತ್ತು ಮಾದರಿಗಳು.

ಬಳ್ಳಾರಿಗೂ ಹಡಗಿಗೂ ಏನು ಸಂಬಂಧ ಎಂದು ಕೇಳಬಹುದು. ಇಲ್ಲಿಂದ ಕಾರವಾರದ ಕಡಲಿಗೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೆ ಹಡಗಿನ ಮಾದರಿ ಮಾಡಲು ಕಡಲು ಬೇಕಿಲ್ಲ. ಅಳತೆಪಟ್ಟಿ ಬೇಕು, ರಟ್ಟು ಬೇಕು, ತಾಳ್ಮೆ ಬೇಕು. ವಿಜ್ಞಾನ ವಸ್ತುಪ್ರದರ್ಶನದ ಹಿಂದಿನ ಸಂಜೆ ಅಂಗಡಿಗೆ ಹೋಗಿ ಥರ್ಮಕೋಲಿನ ಸಿದ್ಧ ಮಾದರಿ ತರುವ ಪೋಷಕರು ಎಲ್ಲ ಊರುಗಳಲ್ಲೂ ಇದ್ದಾರೆ. ಅದಕ್ಕೆ ಬಣ್ಣವಿರುತ್ತದೆ, ಮಿನುಗುವ ಬಲ್ಬೂ ಇರುತ್ತದೆ. ಆದರೆ ‘ಇದು ನಿಜವಾದ ವಸ್ತುವಿನ ಎಷ್ಟನೆಯ ಒಂದು ಪಾಲು?’ ಎಂದು ಕೇಳಿದರೆ ಮಗುವಿನ ಬಳಿ ಉತ್ತರವಿರುವುದಿಲ್ಲ. ಆಟಿಕೆಗೂ ಮಾದರಿಗೂ ಇರುವ ವ್ಯತ್ಯಾಸ ಈ ಒಂದು ಪ್ರಶ್ನೆಯಲ್ಲಿದೆ.

ಮಾದರಿ ಮಾಡುವವನು ಮೊದಲು ತೀರ್ಮಾನಿಸಬೇಕಾದದ್ದು ಬಣ್ಣವನ್ನಲ್ಲ, ಇಸವಿಯನ್ನು. ಈ ಹಡಗು ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಂಪನಿಯಲ್ಲಿ ‘ಹರ್ಕ್ಯುಲಿಸ್’ ಎಂಬ ಹೆಸರಿನಿಂದ, ಎರಡನೆಯ ಮಹಾಯುದ್ಧಕ್ಕೆಂದು ತಯಾರಾಗುತ್ತಿತ್ತು. 1945ರ ಸೆಪ್ಟೆಂಬರ್ 22ರಂದು ಅದು ನೀರಿಗಿಳಿದಾಗ ಜಪಾನ್ ಶರಣಾಗತಿಗೆ ಸಹಿ ಹಾಕಿ 20 ದಿನಗಳಾಗಿದ್ದವು. ಮರುವರ್ಷ ಕೆಲಸ ನಿಂತೇ ಹೋಯಿತು. 1957ರಲ್ಲಿ ಭಾರತ ಅದನ್ನು ಕೊಂಡಿತು. ಬೆಲ್‌ಫಾಸ್ಟ್‌ನ ಹಾರ್ಲೆಂಡ್ ಅಂಡ್ ವುಲ್ಫ್ ಕಾರ್ಖಾನೆಯಲ್ಲಿ ಉಳಿದ ಕೆಲಸ ಮುಗಿದು, 1961ರ ಮಾರ್ಚ್ 4ರಂದು ವಿಜಯಲಕ್ಷ್ಮಿ ಪಂಡಿತ್ ಅವರು ಅದನ್ನು ‘ವಿಕ್ರಾಂತ್’ ಎಂಬ ಹೆಸರಿನಲ್ಲಿ ನೌಕಾಪಡೆಗೆ ಸೇರಿಸಿದರು. ಆ ಹೊತ್ತಿಗೆ ವಿಮಾನಗಳು ಇಳಿಯಲು ಓರೆಯಾದ ಡೆಕ್ಕೂ ಅವುಗಳನ್ನು ಮುಂದಕ್ಕೆ ಚಿಮ್ಮಿಸುವ ಉಗಿಯ ಕವಣೆಯೂ ಬಂದಿದ್ದವು. 1980ರ ದಶಕದ ಕೊನೆಯಲ್ಲಿ ಆ ಕವಣೆ ಹೋಗಿ, ಮುಂತುದಿಯಲ್ಲಿ ಸುಮಾರು 10 ಡಿಗ್ರಿ ಮೇಲಕ್ಕೆ ಬಾಗಿದ ಇಳಿಜಾರು ಬಂತು.

ಹೆಸರು ಒಂದೇ, ಆದರೆ ಹಡಗು ಕಾಲಕಾಲಕ್ಕೆ ಬೇರೆ. ಯುದ್ಧಕಾಲದ ಮಾದರಿ ಬೇಕೆಂದರೆ 1971ನ್ನು ಹಿಡಿಯಬೇಕು. ಆಗ ಡೆಕ್ಕಿನ ಮೇಲೆ ಸೀ ಹಾಕ್ ಮತ್ತು ಅಲಿಜೆ ವಿಮಾನಗಳಿರಬೇಕು. 1983ರಲ್ಲಿ ಬಂದ ಸೀ ಹ್ಯಾರಿಯರ್ ಅನ್ನು ಅಲ್ಲಿ ನಿಲ್ಲಿಸುವಂತಿಲ್ಲ. ಧ್ವಜವೂ ಅಷ್ಟೇ. 2022ರಲ್ಲಿ ಬಂದ ನೌಕಾಧ್ವಜ ಅಲ್ಲಿ ಸಲ್ಲದು. ಬಿಳಿಯ ಮೇಲೆ ಕೆಂಪು ಶಿಲುಬೆ, ಮೂಲೆಯಲ್ಲಿ ತ್ರಿವರ್ಣ ಇರುವ ಅಂದಿನ ಧ್ವಜವೇ ಬೇಕು. ಅಂಗೈಯಗಲದ ಹಡಗಿನಲ್ಲೂ ಇತಿಹಾಸ ತಪ್ಪಬಹುದು, ಸರಿಯೂ ಇರಬಹುದು.

ಇನ್ನು ಗಾತ್ರ. ವಿಕ್ರಾಂತ್‌ನ ಉದ್ದ ಸುಮಾರು 213 ಮೀಟರ್. ಹಾರಾಟದ ಡೆಕ್ಕನ್ನು ಸೇರಿಸಿದರೆ ಅಗಲ 39 ಮೀಟರ್. ನೀರಿನೊಳಗೆ ಮುಳುಗುವ ಆಳ ಸುಮಾರು 7.3 ಮೀಟರ್. ಪ್ಲಾಸ್ಟಿಕ್ ಕಿಟ್ಟುಗಳಲ್ಲಿ 1:350 ಮತ್ತು 1:700 ಎಂಬ ಪ್ರಮಾಣಗಳು ರೂಢಿಯಲ್ಲಿವೆ. ಕಾಗದ ಮತ್ತು ರಟ್ಟಿನ ಹಡಗುಗಳಿಗೆ 1:200 ಬಳಕೆಯಲ್ಲಿದೆ. ಮನೆಯಲ್ಲಿ ಮಾಡುವವರಿಗೆ ಈ 1:200 ಅನುಕೂಲ. ಮೀಟರಿನ ಅಂಕಿಯನ್ನು ಅರ್ಧ ಮಾಡಿದರೆ ಸೆಂಟಿಮೀಟರಿನ ಉತ್ತರ ಸಿಗುತ್ತದೆ. ಉದ್ದ 106.5 ಸೆಂ.ಮೀ., ಅಗಲ 19.5, ಮುಳುಗುವ ಆಳ 3.65. ಸುಮಾರು 12 ಮೀಟರ್ ಉದ್ದದ ಸೀ ಹಾಕ್ 6 ಸೆಂಟಿಮೀಟರ್ ಆಗುತ್ತದೆ. ಡೆಕ್ಕಿನ ಮೇಲೆ ನಿಂತ ನಾವಿಕ 8.5 ಮಿಲಿಮೀಟರ್, ಎಂದರೆ ಸಿರುಗುಪ್ಪದ ಗದ್ದೆಯ ಒಂದು ಭತ್ತದ ಕಾಳಿನಷ್ಟು.

ಹಡಗಿನ ಒಡಲು ಎಲ್ಲ ಕಡೆಯೂ ಬಾಗಿರುತ್ತದೆ. ಚಪ್ಪಟೆಯಾದ ರಟ್ಟಿನಿಂದ ಆ ಬಾಗನ್ನು ಹೇಗೆ ತರುವುದು? ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬಟ್ಟೆ ಕತ್ತರಿಸುವವರನ್ನು ಕೇಳಿದರೆ ಅರ್ಧ ಉತ್ತರ ಸಿಕ್ಕೀತು. ಮನುಷ್ಯನ ಕಾಲು ಚಪ್ಪಟೆಯಲ್ಲ, ಆದರೂ ಚಪ್ಪಟೆ ಬಟ್ಟೆಯ ತುಂಡುಗಳಿಂದಲೇ ಪ್ಯಾಂಟು ಹುಟ್ಟುತ್ತದೆ, ಗುಟ್ಟು ಪ್ಯಾಟರ್ನಿನಲ್ಲಿದೆ. ಹಡಗಿನಲ್ಲಿ ಪ್ಯಾಟರ್ನಿನ ಕೆಲಸ ಮಾಡುವುದು ಅಡ್ಡಛೇದಗಳು. ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ ಒಡಲನ್ನು ಉದ್ದಕ್ಕೂ 20 ಸಮಭಾಗ ಮಾಡಿ, ಪ್ರತಿ ಗೆರೆಯಲ್ಲಿ ಅದರ ಆಕಾರವೇನೆಂದು ನಕ್ಷೆಯಲ್ಲಿ ನೋಡಿ, ಅದೇ ಆಕಾರದ ರಟ್ಟಿನ ಪಕ್ಕೆಲುಬುಗಳನ್ನು ಕತ್ತರಿಸಬೇಕು. ನಡುವೆ ಬೆನ್ನೆಲುಬಿನಂತೆ ಒಂದು ಉದ್ದನೆಯ ರಟ್ಟು. ಮೇಲೆ ತೆಳುವಾದ ಡ್ರಾಯಿಂಗ್ ಹಾಳೆಯ ಪಟ್ಟಿಗಳನ್ನು ಅಂಟಿಸಿದರೆ ಬಾಗು ತಾನಾಗಿಯೇ ಮೂಡುತ್ತದೆ.

ಇಲ್ಲೊಂದು ಬಲೆ ಇದೆ. ಪಕ್ಕೆಲುಬುಗಳ ನಡುವಿನ ಅಂತರ 53.25 ಮಿ.ಮೀ. ಒಂದರಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಎಂದು ಅಳೆಯುತ್ತ ಹೋದರೆ ಪ್ರತಿ ಸಲ ಪೆನ್ಸಿಲ್ ಗೆರೆಯ ದಪ್ಪದ ಅರ್ಧ ಮಿಲಿಮೀಟರ್ ತಪ್ಪಾದರೂ, 20 ಸಲಕ್ಕೆ ಅದು 10 ಮಿಲಿಮೀಟರ್ ಆಗುತ್ತದೆ. ನಿಜವಾದ ಹಡಗಿನಲ್ಲಿ ಅದು 2 ಮೀಟರ್! ಆದ್ದರಿಂದ ಎಲ್ಲ ಗುರುತುಗಳನ್ನೂ ಮೂತಿಯ ಒಂದೇ ಬಿಂದುವಿನಿಂದ ಅಳೆಯಬೇಕು. ಆಗ ಯಾವ ಗುರುತಿನ ತಪ್ಪೂ ಪಕ್ಕದ ಗುರುತಿಗೆ ಅಂಟುವುದಿಲ್ಲ. ಪ್ರಯೋಗಶಾಲೆಯಲ್ಲಿ ಕಲಿಸುವ ‘ದೋಷಗಳ ಸಂಚಯ’ ಎಂಬ ಪಾಠ ಕತ್ತರಿ ಹಿಡಿದಾಗ ಹತ್ತೇ ನಿಮಿಷದಲ್ಲಿ ಅರ್ಥವಾಗುತ್ತದೆ.

ಮುಂದಿನ ಪ್ರಶ್ನೆ ತೂಕದ್ದು. ಪೂರ್ಣ ಹೊರೆಯೊಡನೆ ವಿಕ್ರಾಂತ್ ಸುಮಾರು 19,500 ಟನ್ ತೂಗುತ್ತಿತ್ತು. ಬಳ್ಳಾರಿಯ ಮಕ್ಕಳಿಗೆ ಅದಿರಿನ ಲಾರಿ ಗೊತ್ತು. 10 ಟನ್ ಹೊರುವ 1,950 ಲಾರಿಗಳ ಹೊರೆ ಅದು. ಉದ್ದ 200 ಪಾಲು ಕುಗ್ಗಿತೆಂದು ತೂಕವನ್ನೂ 200ರಿಂದ ಭಾಗಿಸಿದರೆ 97.5 ಟನ್ ಬರುತ್ತದೆ. ಒಂದು ಮೀಟರ್ ಉದ್ದದ ರಟ್ಟಿನ ಹಡಗು ಹತ್ತು ಲಾರಿಗಳಷ್ಟು ತೂಗುವುದುಂಟೇ? ಉದ್ದದ ಜೊತೆಗೆ ಅಗಲವೂ ಎತ್ತರವೂ 200 ಪಾಲು ಕುಗ್ಗಿವೆ. ಆದ್ದರಿಂದ ತೂಕವನ್ನು 200ರ ಘನದಿಂದ, ಅಂದರೆ 80 ಲಕ್ಷದಿಂದ ಭಾಗಿಸಬೇಕು. ಉತ್ತರ 2.44 ಕಿಲೋಗ್ರಾಂ. ಎರಡು ಸಾವಿರ ಲಾರಿಗಳ ಹೊರೆ ಈಗ ಕಿರಾಣಿ ಅಂಗಡಿಯ ತಕ್ಕಡಿಗೆ ಬಂತು.

ಆ ತೂಕವಾದರೂ ಏಕೆ ಬೇಕು? ಹಡಗು ಸರಿಯಾದ ಗೆರೆಯವರೆಗೆ ಮುಳುಗಲು. ಇದನ್ನು ತುಂಗಭದ್ರೆಯ ದಡದ ಸಿರುಗುಪ್ಪ ಸೀಮೆಯವರಿಗೆ ಪುಸ್ತಕ ಹಿಡಿದು ಹೇಳಬೇಕಿಲ್ಲ. ಹರಿಗೋಲಿಗೆ ಮೂಟೆಗಳು ಒಂದೊಂದಾಗಿ ಏರಿದಂತೆ ಅದು ಒಂದೊಂದೇ ಬೆರಳು ಕೆಳಗಿಳಿಯುತ್ತದೆ. ಇಳಿದಷ್ಟೂ ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಸರಿದ ನೀರಿನ ತೂಕ ಒಟ್ಟು ಹೊರೆಗೆ ಸಮನಾದಾಗ ನಿಲ್ಲುತ್ತದೆ. ಆರ್ಕಿಮಿಡೀಸ್ ಹೇಳಿದ್ದೂ ಇದನ್ನೇ. ಆದರೆ ಹಡಗಿನ ಗೆರೆ ಉಪ್ಪು ನೀರಿನದು. ಒಂದು ಲೀಟರ್ ಕಡಲ ನೀರು ಸುಮಾರು 1,025 ಗ್ರಾಂ ತೂಗಿದರೆ ಸಿಹಿನೀರು 1,000 ಗ್ರಾಂ. ಹಾಗಾಗಿ ತೊಟ್ಟಿಯ ಸಿಹಿನೀರಿನಲ್ಲಿ ಅದೇ ಗೆರೆಗೆ ನಿಲ್ಲಬೇಕಾದರೆ ಮಾದರಿ 2.38 ಕಿಲೋಗ್ರಾಂ ಇರಬೇಕು, 60 ಗ್ರಾಂ ಕಡಿಮೆ. ರಟ್ಟಿಗೆ ಎರಡು ಮೂರು ಕೈ ವಾರ್ನಿಶ್ ಬಳಿದು ಚೆನ್ನಾಗಿ ಒಣಗಿಸಿದ ಮೇಲೆ ದನಗಳಿಗೆ ನೀರಿಡುವ ತೊಟ್ಟಿಯಲ್ಲಿ ಇದನ್ನು ಪರೀಕ್ಷಿಸಬಹುದು. ಕಾಲುವೆಗಾಗಲಿ ಹೊಳೆಗಾಗಲಿ ಮಕ್ಕಳನ್ನು ಒಬ್ಬರೇ ಕಳಿಸುವುದು ಬೇಡ.

ರಟ್ಟಿನ ಒಡಲು ಅಷ್ಟು ಭಾರ ಇರುವುದಿಲ್ಲ. ಉಳಿದ ತೂಕವನ್ನು ತುಂಬಬೇಕು. ಎಲ್ಲಿ ತುಂಬಬೇಕೆಂಬುದಕ್ಕೆ ಕುರುಗೋಡಿನ ದೊಡ್ಡಬಸವೇಶ್ವರನ ತೇರು ಉತ್ತರ ಹೇಳುತ್ತದೆ. ದಪ್ಪ ಮರದ ಗಾಲಿ, ಅಚ್ಚು, ಅಡ್ಡೆ ಎಲ್ಲ ಕೆಳಗೆ. ಮೇಲಕ್ಕೆ ಹೋದಂತೆ ಹಗುರ. ಭಾರ ಕೆಳಗಿದ್ದರೆ ಗುರುತ್ವ ಕೇಂದ್ರವೂ ಕೆಳಗಿರುತ್ತದೆ, ಒಂದಿಷ್ಟು ವಾಲಿದರೂ ಉರುಳುವುದಿಲ್ಲ. ವಿಮಾನವಾಹಕ ನೌಕೆಗೆ ಇನ್ನೊಂದು ತೊಡಕೂ ಉಂಟು. ಅದರ ಚಿಮಣಿ, ಕಂಬ, ನಾಯಕನ ಕೋಣೆಗಳೆಲ್ಲ ಬಲ ಅಂಚಿನಲ್ಲೇ ನಿಂತಿವೆ, ವಿಮಾನಗಳಿಗೆ ಡೆಕ್ ಖಾಲಿ ಬಿಡಬೇಕಲ್ಲ! ಆದ್ದರಿಂದ ಮಾದರಿಯನ್ನು ನೀರಿಗೆ ಬಿಟ್ಟು, ಅದು ಯಾವ ಕಡೆ ವಾಲುತ್ತದೆ ನೋಡಿ, ಎದುರು ಮಗ್ಗುಲಿನ ತಳದಲ್ಲಿ ತೂಕವನ್ನು ಸರಿಹೊಂದಿಸಬೇಕು. ಇದಕ್ಕೆ ಸೀಸ ಕೊಳ್ಳಬೇಕಿಲ್ಲ. ಕಬ್ಬಿಣದ ಅದಿರು ನೀರಿಗಿಂತ ಹೆಚ್ಚುಕಡಿಮೆ ಐದು ಪಟ್ಟು ಭಾರ. ಬಳ್ಳಾರಿಯ ಮಣ್ಣಿನಲ್ಲಿ ಅದರ ತುಣುಕುಗಳಿಗೆ ಬರವಿಲ್ಲ.

ತೇಲಿದ ಹಡಗನ್ನು ಓಡಿಸುವ ಆಸೆ ಯಾರಿಗಿಲ್ಲ? ವಿಕ್ರಾಂತ್‌ನ ಪೂರ್ಣ ವೇಗ ಗಂಟೆಗೆ ಸುಮಾರು 45 ಕಿಲೋಮೀಟರ್. ಅದನ್ನು 200ರಿಂದ ಭಾಗಿಸಿದರೆ ಬಸವನಹುಳುವಿನ ನಡಿಗೆಯಾದೀತು, ಮೂತಿಯ ಮುಂದೆ ಅಲೆಯೇ ಏಳದು. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ 1870ರ ದಶಕದಲ್ಲಿ ಟಾರ್ಕ್ವೇಯಲ್ಲಿ ಉದ್ದನೆಯ ತೊಟ್ಟಿ ಕಟ್ಟಿ, ಮೇಣದ ಮಾದರಿಗಳನ್ನು ಎಳೆದು ನೋಡಿ ಒಂದು ನಿಯಮವನ್ನು ತೋರಿಸಿದ. ಮಾದರಿಯ ಅಲೆಗಳು ಹಡಗಿನ ಅಲೆಗಳಂತೆಯೇ ಕಾಣಬೇಕಾದರೆ ವೇಗವನ್ನು ಪ್ರಮಾಣದ ವರ್ಗಮೂಲದಿಂದ ಭಾಗಿಸಬೇಕು. 200ರ ವರ್ಗಮೂಲ 14.14. ಆಗ ಸಿಗುವ ವೇಗ ಗಂಟೆಗೆ 3.2 ಕಿಲೋಮೀಟರ್, ದಾರ ಕಟ್ಟಿ ಎಳೆಯುತ್ತ ನಿಧಾನವಾಗಿ ನಡೆದಷ್ಟು. ಇಂದಿಗೂ ಹಡಗು ಕಟ್ಟುವ ಮೊದಲು ಎಂಜಿನಿಯರುಗಳು ಹೀಗೆಯೇ ಮಾದರಿಗಳನ್ನು ಎಳೆದು ನೋಡುತ್ತಾರೆ. ಉದ್ದಕ್ಕೆ ಒಂದು ಲೆಕ್ಕ, ತೂಕಕ್ಕೆ ಇನ್ನೊಂದು, ವೇಗಕ್ಕೆ ಮತ್ತೊಂದು. ಪ್ರಕೃತಿ ಎಲ್ಲವನ್ನೂ ಒಂದೇ ಮೊಳದಿಂದ ಅಳೆಯುವುದಿಲ್ಲ.

ವೇಗದ ಈ ಮಾತು 1971ರಲ್ಲಿ ಬರಿಯ ಲೆಕ್ಕವಾಗಿರಲಿಲ್ಲ. ಹಡಗು ಗಾಳಿಗೆದುರಾಗಿ ಓಡಿದಷ್ಟೂ ಡೆಕ್ಕಿನ ಮೇಲೆ ಗಾಳಿ ಜೋರಾಗಿ ಬೀಸುತ್ತದೆ, ವಿಮಾನ ಅಷ್ಟು ಸುಲಭವಾಗಿ ಮೇಲೇರುತ್ತದೆ. ವಿಕ್ರಾಂತ್‌ನ ನಾಲ್ಕು ಬಾಯ್ಲರುಗಳಲ್ಲಿ ಒಂದರಲ್ಲಿ ಆಗ ಬಿರುಕು ಬಿಟ್ಟಿತ್ತು. ಪೂರ್ಣ ವೇಗ ಸಾಧ್ಯವಿರಲಿಲ್ಲ. ಆದರೂ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರ ನೇತೃತ್ವದಲ್ಲಿ ಅದು ಯುದ್ಧಕ್ಕೆ ಹೋಯಿತು. ಡಿಸೆಂಬರ್ 4ರಂದು ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್‌ಗಳ ಮೇಲೆ ದಾಳಿ ನಡೆಸಿದವು. ರಟ್ಟಿನ ಮಾದರಿಯಲ್ಲಿ ಆ ಬಿರುಕು ಕಾಣುವುದಿಲ್ಲ. ಆದರೆ ಮಾದರಿಯನ್ನು ತೋರಿಸುವ ಮಗುವಿಗೆ ಅದು ಗೊತ್ತಿರಬೇಕು.

ಸೂಕ್ಷ್ಮ ಕೆಲಸದಲ್ಲಿ ಬಿಡುವುದನ್ನೂ ಕಲಿಯಬೇಕು. ಡೆಕ್ಕಿನ ಅಂಚಿನ ಕಂಬಿಗೆ ಜೀನ್ಸ್ ಹೊಲಿಯುವ ಅರ್ಧ ಮಿಲಿಮೀಟರ್ ದಪ್ಪದ ದಾರ ಕಟ್ಟಿದರೆ ಅದು ನಿಜದಲ್ಲಿ 10 ಸೆಂಟಿಮೀಟರ್ ದಪ್ಪದ ಕೊಳವೆಯಾಯಿತು. ಅದನ್ನು ಹಿಡಿಯಲು ನಾವಿಕನ ಮುಷ್ಟಿ ಸಾಲದು. ಅಂಥ ಕಡೆ ತೆಳು ದಾರ ಹುಡುಕಬೇಕು, ಸಿಗದಿದ್ದರೆ ಕಂಬಿಯನ್ನೇ ಬಿಡಬೇಕು. ಗೊತ್ತಿಲ್ಲದ ಅಳತೆಗಳನ್ನು ಊಹಿಸುವ ಬದಲು ಚಿತ್ರದಿಂದ ತೆಗೆಯಬಹುದು. ಛಾಯಾಚಿತ್ರದಲ್ಲಿ 12 ಮೀಟರಿನ ಸೀ ಹಾಕ್ 4 ಸೆಂಟಿಮೀಟರ್ ಇದ್ದು, ಅದರ ಪಕ್ಕದಲ್ಲೇ, ಅಷ್ಟೇ ದೂರದಲ್ಲಿ, ಅದೇ ದಿಕ್ಕಿಗೆ ಮುಖಮಾಡಿ ನಿಂತ ವಸ್ತು 1 ಸೆಂಟಿಮೀಟರ್ ಇದ್ದರೆ ಅದು 3 ಮೀಟರ್ ಉದ್ದದ್ದು. ಶಾಲೆಯ ಸಮರೂಪ ತ್ರಿಭುಜಗಳು ಪರೀಕ್ಷೆಯ ಆಚೆಗೂ ಬಾಳುತ್ತವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹಡಗು ಹೋದರೂ ಅದರ ವಿಮಾನಗಳು ಉಳಿದಿವೆ. ಗೋವಾದ ವಾಸ್ಕೋ ಸಮೀಪದ ನೌಕಾ ವಿಮಾನ ವಸ್ತುಸಂಗ್ರಹಾಲಯದಲ್ಲಿ ಸೀ ಹಾಕ್, ಅಲಿಜೆ ಎರಡನ್ನೂ ಕಣ್ಣಾರೆ ನೋಡಬಹುದು. ಬಳ್ಳಾರಿಯಿಂದ ಹುಬ್ಬಳ್ಳಿಯ ಮೇಲೆ ವಾಸ್ಕೋವರೆಗೆ ರೈಲು ಹಳಿಯಿದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ನಿಜವಾದ ಕ್ಷಿಪಣಿ ದೋಣಿಯನ್ನೇ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಬೇಸಿಗೆ ರಜೆಯ ಪ್ರವಾಸಕ್ಕೆ ಒಂದು ಅಳತೆಪಟ್ಟಿಯೂ ಒಂದು ನೋಟ್‌ಬುಕ್ಕೂ ಜೊತೆಗಿರಲಿ.

ಪೋಷಕರಿಗೆ ಒಂದು ಮಾತು. ಇಂಥ ಮಾದರಿ ಒಂದು ರಾತ್ರಿಯಲ್ಲಿ ಮುಗಿಯದು, ಮೂರು ನಾಲ್ಕು ತಿಂಗಳು ಹಿಡಿದೀತು. ಮಗುವಿನ ಅಂಟು ಕೈ ಮೀರಿ ಹರಡುತ್ತದೆ, ಪಕ್ಕೆಲುಬು ಸೊಟ್ಟಗಾಗುತ್ತದೆ. ಕತ್ತರಿಯನ್ನು ಕಸಿದುಕೊಂಡು ‘ನಾನು ಮಾಡಿಕೊಡುತ್ತೇನೆ’ ಎನ್ನುವ ಬದಲು ‘ಇದರ ಅಳತೆ ಎಷ್ಟು ಬರಬೇಕಿತ್ತು?’ ಎಂದು ಕೇಳಿದರೆ ಸಾಕು. ಮೊದಲು ಲೆಕ್ಕ, ಆಮೇಲೆ ಕತ್ತರಿ. ಪ್ರದರ್ಶನದ ಮೇಜಿನ ಮೇಲೆ ಮಾದರಿಯ ಮುಂದೆ ಒಂದು ಚೀಟಿ ಇರಲಿ: ‘ವಿಕ್ರಾಂತ್, 1971, ಪ್ರಮಾಣ 1:200’. ಆ ಚೀಟಿಯನ್ನು ಓದಿ ಯಾವುದೋ ಊರಿನ ಇನ್ನೊಬ್ಬ ಹುಡುಗಿ ಅಳತೆಪಟ್ಟಿ ಇಟ್ಟು, 106.5 ಸೆಂಟಿಮೀಟರನ್ನು 200ರಿಂದ ಗುಣಿಸಿದರೆ ಅವಳಿಗೆ 213 ಮೀಟರ್ ಸಿಗಬೇಕು. ದಾರುಖಾನಾದಲ್ಲಿ ಚೂರಾಗಿಹೋದ ಹಡಗು ಇನ್ನು ಸಿಗುವುದಾದರೆ ಅವಳಿಗೆ ಆ ಲೆಕ್ಕದಲ್ಲೇ ಸಿಗಬೇಕು. ಅಳತೆ ತಪ್ಪಿದ್ದರೆ ಅದೂ ಇಲ್ಲ.