ಕೆರೆಯ ಚಿತ್ರದ ಜೊತೆ ಬೋರ್‌ವೆಲ್ ಲೆಕ್ಕವೂ ಇರಲಿ



ಶಿರಾದ ಮದಲೂರು ಕೆರೆಗೆ ಹೇಮಾವತಿ ನೀರು ಹರಿಸುವುದಾಗಿ 2020ರ ಉಪಚುನಾವಣೆಯಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಭರವಸೆ ಕೊಟ್ಟಿದ್ದರು. ಕೆರೆ ತುಂಬಿದರೆ ಸುತ್ತಲಿನ ಬೋರ್‌ವೆಲ್‌ಗಳಿಗೂ ಜೀವ ಬರುತ್ತದೆಂಬ ನಂಬಿಕೆ ಜನರದು. ನಂಬಿಕೆ ಸುಳ್ಳಲ್ಲ. ಆದರೆ ಉಪಗ್ರಹ ಚಿತ್ರದಲ್ಲಿ ಕೆರೆ ನೀಲಿಯಾಗಿ ಕಂಡಿತೆಂದರೆ ಅಂತರ್ಜಲ ಏರಿತೆಂದೇ ಲೆಕ್ಕ ಎನ್ನುವ ಮಾತಿಗೆ ಮಾತ್ರ ತಕರಾರಿದೆ.

ಚಿತ್ರದಲ್ಲಿ ಕಾಣುವುದು ನೀರಿನ ಹರವು, ಆಳವಲ್ಲ. ಹೂಳು ತುಂಬಿದ ಕೆರೆಯಲ್ಲಿ ಮೊಳಕಾಲುದ್ದದ ನೀರೂ ಅಂಗಳದ ತುಂಬ ಹರಡಿಕೊಳ್ಳುತ್ತದೆ. ಜಾಲಿ ಬೆಳೆದಲ್ಲಿ ನೀರಿದ್ದರೂ ಕಾಣದು. ಮಳೆಗಾಲದಲ್ಲಂತೂ ಮೋಡದ ಕಾಟ. 2002ರಲ್ಲಿ ಹಾರಿದ ಗ್ರೇಸ್ ಉಪಗ್ರಹಗಳು ಗುರುತ್ವಬಲದ ಏರುಪೇರಿನಿಂದಲೇ, 2008ರವರೆಗೆ ವಾಯವ್ಯ ಭಾರತ 109 ಘನ ಕಿ.ಮೀ. ಅಂತರ್ಜಲ ಕಳೆದುಕೊಂಡದ್ದನ್ನು ಹೇಳಿದವು, ನಿಜ. ಆದರೆ ಅವುಗಳ ಕಣ್ಣಿಗೆ ನೂರಾರು ಕಿ.ಮೀ. ಅಗಲದ ಸೀಮೆಯೇ ಒಂದು ಚುಕ್ಕೆಯಾಗಿತ್ತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಬೇರೆಬೇರೆಯಾಗಿ ಗುರುತಿಸಲು ಅವಕ್ಕಾಗುತ್ತಿರಲಿಲ್ಲ.

ಹಾಗೆಂದು ಚಿತ್ರಗಳು ದಂಡವಲ್ಲ. ಸೆಂಟಿನೆಲ್-2 ಉಪಗ್ರಹಗಳು ಸುಮಾರು ಐದು ದಿನಕ್ಕೊಮ್ಮೆ, 10 ಮೀಟರ್ ವಿವರದಲ್ಲಿ ಕೆರೆಗಳನ್ನು ನೋಡುತ್ತವೆ. ತೂಬು ಮುಚ್ಚಿದ ಮೇಲೂ ನೀರಿನ ಅಂಚು ಎಷ್ಟು ಬೇಗ ಹಿಂದೆ ಸರಿಯಿತು? ಗಮನಿಸಬೇಕಾದ್ದು ಇದನ್ನು. ಕೆರೆಯ ಆಳದ ನಕ್ಷೆಯೊಂದಿದ್ದರೆ ಇಳಿದ ನೀರಿನ ಪ್ರಮಾಣ ಸಿಗುತ್ತದೆ. ಆವಿಯಾದದ್ದನ್ನೂ ಪಂಪ್‌ಸೆಟ್ ಎತ್ತಿದ್ದನ್ನೂ ಕಳೆದರೆ ಉಳಿಯುವುದು ಇಂಗಿದ ಪಾಲು. ಅದಾದರೂ ಎಲ್ಲಿಗೆ ಹೋಯಿತೆಂದು ಚಿತ್ರ ಹೇಳದು. ಈ ನಾಲ್ಕೂ ತಾಲ್ಲೂಕುಗಳ ಬಹುಪಾಲು ಅಡಿಯಲ್ಲಿರುವುದು ನೈಸ್, ಗ್ರಾನೈಟ್ ಬಂಡೆ; ಆಳದಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ ಮಾತ್ರ. ಏರಿ ಕೆಳಗಿನ ತೆರೆದ ಬಾವಿಯಲ್ಲಿ ನೀರು ಏರಿದಾಗಲೂ ಪಕ್ಕದ ಹೊಲದ ಸಾವಿರ ಅಡಿಯ ಬೋರ್‌ವೆಲ್ ಬರೀ ಗಾಳಿ ಉಗುಳಬಹುದು.

ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ಅಳೆಯುವುದು ವರ್ಷಕ್ಕೆ ನಾಲ್ಕು ಸಲ. ಕೆರೆ ತುಂಬಿ ಖಾಲಿಯಾಗುವ ವೇಗಕ್ಕೆ ಇದು ಏನೇನೂ ಸಾಲದು. ತುಂಬಿಸುವ ಪ್ರತಿ ಕೆರೆಯ ಅಚ್ಚುಕಟ್ಟಿನಲ್ಲಿ ಒಂದೆರಡು ಬೋರ್‌ವೆಲ್‌ಗಳಿಗೆ ಮಟ್ಟ ಅಳೆಯುವ ಸಾಧನ ಇಳಿಸಿ, ಆ ಅಂಕಿಗಳನ್ನು ಕೆರೆಯ ಚಿತ್ರದ ಜೊತೆಗೇ ಗ್ರಾಮ ಪಂಚಾಯಿತಿ ಫಲಕದಲ್ಲಿ ಬರೆಯುವುದು ಸಣ್ಣ ನೀರಾವರಿ ಇಲಾಖೆಗೆ ದೊಡ್ಡ ಖರ್ಚೇನಲ್ಲ, ಪೈಪ್‌ಲೈನ್‌ಗಳಿಗೆ ಸುರಿಯುವ ಹಣದ ಮುಂದೆ.

ಎತ್ತಿನಹೊಳೆ, ಭದ್ರಾ ಮೇಲ್ದಂಡೆ ಯೋಜನೆಗಳ ನೀರಿಗಾಗಿ ಈ ಸೀಮೆ ಕಾಯುತ್ತಿದೆ. ಅಳತೆ ಶುರುವಾಗಬೇಕಾದ್ದು ಆ ನೀರು ಬರುವ ಮೊದಲೇ. ಇಲ್ಲವಾದರೆ ಆಮೇಲೆ ಮಟ್ಟ ಏರಿತೋ ಇಲ್ಲವೋ ಎಂದು ಹೋಲಿಸಿ ನೋಡಲು ಹಳೆಯ ಅಂಕಿಯೇ ಇರುವುದಿಲ್ಲ.

– ಓದುಗರೊಬ್ಬರು, ಬಲಸಮುದ್ರ